ಶಬ್ದ ಹೊರಗೆ ಬಾರದ ಕೋಣೆ

ಆ ಶನಿವಾರ ಮಧ್ಯಾಹ್ನ ಮೂರೂವರೆಗೆ ನಾನು ಕಾಲುವೆಯ ಆಚೆ ದಡದಲ್ಲಿ ನಿಂತು, ಏನೂ ಕೇಳಿಸದಿರಲಿ ಎಂದುಕೊಂಡು ಕಿವಿಗೊಟ್ಟಿದ್ದೆ. ನವೆಂಬರಿನ ಚಳಿ. ನನ್ನ ಎದುರಿಗೆ, ನೀರಿನ ಆ ಕಡೆ, ಮೊದಲು ಹಂದಿ ಸಾಕುತ್ತಿದ್ದ ಒಂದು ಹಳೆಯ ಇಟ್ಟಿಗೆಯ ಕೊಟ್ಟಿಗೆ. ಅದರೊಳಗೆ ನಾಲ್ಕು ಮಂದಿ ಎಳೆಯರು ಕೈಲಾದಷ್ಟು ಜೋರಾಗಿ ತಮ್ಮ ರಾಕ್ ಸಂಗೀತ ನುಡಿಸುತ್ತಿದ್ದರು. ನನಗೆ ಕೇಳಿಸಿದ್ದು ಬಾತುಕೋಳಿಗಳು, ದೂರದ ಹೆದ್ದಾರಿ, ನೆಗಡಿಯಾಗಿದ್ದ ನನ್ನದೇ ಮೂಗು. ಅಷ್ಟೇ.

ನಾನು ಎರಡೂ ಕೈ ಮೇಲೆತ್ತಿ ಬೀಸಿದೆ. ಕೊಟ್ಟಿಗೆಯ ಬಾಗಿಲು ತೆರೆಯಿತು. ಡ್ರಮ್ಮಿನ ಸದ್ದು ಒಮ್ಮೆಲೇ ಹೊರಗೆ ಚೆಲ್ಲಿ, ಬಾಗಿಲು ಮುಚ್ಚುತ್ತಲೇ ಕತ್ತರಿಸಿದ ಹಾಗೆ ನಿಂತಿತು. ನನ್ನ ಕಾರ್ಖಾನೆಯ ಹಿರಿಯರೊಬ್ಬರು, ನಾನು ಸಾರ್ ಎನ್ನುವವರು, ನೀರಿನ ಅಂಚಿಗೆ ಬಂದರು.

"ಕೇಳಸ್ತೈತೇನೋ ತಮ್ಮಾ?"

"ಇಲ್ಲ ಸಾರ್!"

"ಖರೇನ ಹೇಳು. ನನ್ನ ಮನಸ್ಸಿಗೆ ಚಲೋ ಅನಿಸ್ಲಿ ಅಂತ ಹೇಳಬ್ಯಾಡ."

"ಏನೇನೂ ಇಲ್ಲ ಸಾರ್. ಬಾತುಕೋಳಿ ಮಾತ್ರ."

"ಅದರ ವಾಲ್ಯೂಮ್ ನನ್ನ ಕೈಯಾಗ ಇಲ್ಲ ಬಿಡು," ಎಂದು ಅವರು ಪ್ಯಾಂಟನ್ನು ಮೊಣಕಾಲಿನವರೆಗೆ ಎಳೆದುಕೊಂಡು, ಹಸಿ ಹುಲ್ಲಿನ ಮೇಲೆ ಎರಡು ಹೆಜ್ಜೆ ಕುಣಿದರು. ನಲವತ್ತಾರು ವರ್ಷದ ಮನುಷ್ಯ. ಅವರು ಕುಣಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಅವರು ಇರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಆ ಕೋಣೆಯನ್ನು ಅಷ್ಟು ಚೆನ್ನಾಗಿ ಮುಚ್ಚಿದ್ದರಿಂದಲೇ ಅವರು ಸತ್ತರು. ಮುಚ್ಚಿದವರಲ್ಲಿ ನಾನೊಬ್ಬ. ಹುಬ್ಬಳ್ಳಿಯಲ್ಲಿ ಅವರಿಗೆ ಒಬ್ಬ ಅಕ್ಕ ಇದ್ದಾರೆ. ಅವರಿಗಿದ್ದ ನೆಂಟರೆಂದರೆ ಈ ಅಕ್ಕ ಒಬ್ಬರೇ. ಆ ಅಕ್ಕನಿಗೆ ಸಾವಿನ ಸುದ್ದಿ ಹೇಳಿದವನೂ ನಾನೇ, ಹೇಳುವಾಗ ಅರ್ಧ ನುಂಗಿಕೊಂಡವನೂ ನಾನೇ. ಅಂದಿನಿಂದ ನನ್ನ ತಲೆಯಲ್ಲಿ ಇರುವುದು ಇದೊಂದೇ. ಆದರೆ ಬರೆಯಲು ಕುಳಿತರೆ ಮೊದಲು ನೆನಪಾಗುವುದು ಬೇರೆ ಬೇರೆ ಸಂಗತಿಗಳು. ಬಂದ ಹಾಗೆ ಬರೆಯುತ್ತೇನೆ.

ನಾನು ಮಂಡ್ಯದ ಕಡೆಯವನು, ಡಿಪ್ಲೊಮಾ ಓದಿದವನು. ನೆದರ್ಲೆಂಡ್ಸಿನ ವೆಲ್ಡ್‌ಹೋವನ್ನಿನ ಹತ್ತಿರ ಯಂತ್ರಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ ಲೀಕ್ ಪರೀಕ್ಷೆ. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆಯ ಸುತ್ತ ಹೀಲಿಯಂ ಅನಿಲವನ್ನು ಸಣ್ಣಗೆ ಊದುತ್ತಾ ಹೋಗಬೇಕು. ಎಲ್ಲಿಯಾದರೂ ಒಳಗೆ ನುಸುಳಿದರೆ ಮೀಟರಿನ ಮುಳ್ಳು ಏಳುತ್ತದೆ. ಅಲ್ಲಿ ಗುರುತು ಹಾಕಬೇಕು. ಸಾರ್ ಅಲ್ಲೇ ಹಿರಿಯ ಎಂಜಿನಿಯರು, ಕಂಪನದ ವಿಭಾಗದವರು. ನಾನು ಸೇರಿದ ಮೂರನೆಯ ದಿನ ನನ್ನ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದರು.

"ಇದನ್ನ ಬರದವ ನೀ ಏನು? ಮೈಸೂರ ಕಡೆ ಹುಡುಗ?"

"ಮಂಡ್ಯ ಸಾರ್."

"ಎರಡೂ ಒಂದ ನಮಗ. ಇಲ್ಲಿ 'ಲೀಕ್ ಇಲ್ಲ' ಅಂತ ಬರದೀ. ಹಂಗ ಬರೀಬ್ಯಾಡ. 'ಲೀಕ್ ಸಿಕ್ಕಿಲ್ಲ' ಅಂತ ಬರಿ. ಲೀಕ್ ಇಲ್ಲದ ವಸ್ತು ಜಗತ್ತಿನ್ಯಾಗ ಯಾವುದೂ ಇಲ್ಲ."

ಆ ಮೇಲೆ ಮಧ್ಯಾಹ್ನದ ಊಟಕ್ಕೆ ನಾವಿಬ್ಬರೂ ಒಂದೇ ಮೇಜಿಗೆ ಕೂರತೊಡಗಿದೆವು. ನನ್ನ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನವನ್ನು ನೋಡಿ, "ಇದನ್ನ ಅನ್ನ ಅಂತ ಕರೀತೀರಿ ನೀವು, ಅದಕ್ಕ ಬ್ಯಾರೆ ಏನರ ಹೆಸರಿಡ್ರೋ," ಎನ್ನುವರು. ಆದರೂ ಅರ್ಧ ತಿನ್ನುವರು. ಅವರ ಡಬ್ಬಿಯಲ್ಲಿ ಯಾವಾಗಲೂ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿದ ನಾಲ್ಕು ಚಪಾತಿ, ಅಕ್ಕ ಕಳಿಸಿದ ಶೇಂಗಾ ಚಟ್ನಿಪುಡಿ.

ಅವರ ತಂದೆಗೆ ಹುಬ್ಬಳ್ಳಿಯಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇತ್ತು. ಮದುವೆ, ನಾಟಕ, ಭಾಷಣ, ಎಲ್ಲದಕ್ಕೂ ಧ್ವನಿವರ್ಧಕ ಬಾಡಿಗೆಗೆ ಕೊಡುವ ಅಂಗಡಿ. ತಂದೆ ತೀರಿಕೊಂಡ ಮೇಲೆ ಅಕ್ಕ ಅದನ್ನು ನಡೆಸಿ ತಮ್ಮನನ್ನು ಎಂಜಿನಿಯರಿಂಗ್ ಓದಿಸಿದರು. "ನಮ್ಮಕ್ಕ ನಿಚ್ಚಣಿಕಿ ಹತ್ತಿ ಕಂಬಕ್ಕ ಹಾರ್ನ್ ಕಟ್ತಿದ್ಲು, ಸೀರಿ ಕಚ್ಚಿ ಹಾಕ್ಕೊಂಡು. ಮಂದಿ ನಗ್ತಿದ್ರು. ಆಕೀ ಕಟ್ಟಿದ ಹಾರ್ನ್ ಒಂದೂ ಬಿದ್ದಿಲ್ಲ," ಎಂದು ಒಮ್ಮೆ ಹೇಳಿದ್ದರು. ಕಾರ್ಖಾನೆಯಲ್ಲಿ ಅವರಿಗೆ ಸಂಬಳ, ಗೌರವ ಎಲ್ಲ ಇತ್ತು. ಆದರೆ ಯಾರಾದರೂ ನೀವು ಏನು ಎಂದು ಕೇಳಿದರೆ, "ನಾ ಮೈಕ್‌ಸೆಟ್ಟಿನಾಕೀ ತಮ್ಮ," ಎನ್ನುತ್ತಿದ್ದರು.

ಆ ಬ್ಯಾಂಡ್ ಅವರಿಗೆ ಗಂಟುಬಿದ್ದದ್ದು ಹೀಗೆ. ಅವರ ಬಾಡಿಗೆ ಮನೆಯ ಹಿಂದಿನ ಕೊಟ್ಟಿಗೆಯನ್ನು ಮನೆಯ ಮಾಲೀಕ ಈ ಹುಡುಗರಿಗೆ ಅಭ್ಯಾಸಕ್ಕೆ ಕೊಟ್ಟಿದ್ದ. ಹಾಡುವವಳು ಮಾರ್ಲೂಸ್, ಡ್ರಮ್ ಬಾರಿಸುವವನು ಯೂಸ್ಟ್, ಗಿಟಾರು ಮತ್ತು ಕೀಬೋರ್ಡಿಗೆ ಇಬ್ಬರು ಅಣ್ಣತಮ್ಮಂದಿರು. ಎಲ್ಲರಿಗೂ ಇಪ್ಪತ್ತು ಇಪ್ಪತ್ತೆರಡು. ಅವರು ನುಡಿಸುತ್ತಿದ್ದುದು ನ್ಯೂ ವೇವ್. ಅವರು ಹುಟ್ಟುವ ಹೊತ್ತಿಗೆ, ಎಪ್ಪತ್ತರ ದಶಕದ ಕೊನೆಗೆ, ಇಂಗ್ಲೆಂಡಿನಲ್ಲಿ ಶುರುವಾದ ಒಂದು ಬಗೆಯ ರಾಕ್ ಸಂಗೀತವಂತೆ. ಡ್ರಮ್ಮು ಗಡಿಯಾರದ ಹಾಗೆ ಒಣಒಣವಾಗಿ ಹೊಡೆಯುತ್ತದೆ, ಗಿಟಾರು ತೆಳ್ಳಗೆ ಕೊರೆಯುತ್ತದೆ, ಕೀಬೋರ್ಡಿನ ಸ್ವರ ತಣ್ಣಗಿರುತ್ತದೆ, ಹಾಡುವವರು ಯಾರ ಮುಖವನ್ನೂ ನೋಡುವುದಿಲ್ಲ. ನನಗೆ ಅದು ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಒಂದು ಸಂಜೆ ಕೊಟ್ಟಿಗೆಯಿಂದ ಮೈಕು ಕೂಗುವ ಸದ್ದು, ಕುಂಯ್ ಎಂದು ಕಿವಿ ಸೀಳುವಂಥದ್ದು, ಹತ್ತು ನಿಮಿಷವಾದರೂ ನಿಲ್ಲಲಿಲ್ಲ. ಇವರು ಹೋಗಿ ಬಾಗಿಲು ತಟ್ಟಿದರು. ಹುಡುಗರು, ಇವರು ತಕರಾರಿಗೆ ಬಂದರು ಎಂದುಕೊಂಡು, ಕ್ಷಮೆ ಕೇಳಲು ಶುರುಮಾಡಿದರಂತೆ. ಇವರು ಯಾರೊಡನೆಯೂ ಮಾತಾಡದೆ ನೇರ ಒಳಗೆ ಹೋಗಿ, ಒಂದು ಸ್ಪೀಕರನ್ನು ಗೇಣುದ್ದ ತಿರುಗಿಸಿದರು. ಕೂಗು ನಿಂತಿತು. ಕೋಣೆಯ ನಾಲ್ಕು ಮೂಲೆಯಲ್ಲೂ ನಿಂತು ಒಂದೊಂದು ಸಲ ಚಪ್ಪಾಳೆ ತಟ್ಟಿ, ತಲೆ ವಾಲಿಸಿ ಕೇಳಿದರು. ಆ ಮೇಲೆ "ಚಹಾ ಐತೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಂದಿನಿಂದ ಅವರು ಆ ಬ್ಯಾಂಡಿನ ಸೌಂಡ್ ಎಂಜಿನಿಯರು. ಹುಡುಗರು ಅವರನ್ನು 'ಮೆನೇರ್' ಎನ್ನುತ್ತಿದ್ದರು, ನಾವು ಯಜಮಾನರೇ ಎನ್ನುವ ಹಾಗೆ. ಡಚ್ಚರಲ್ಲಿ ಆ ವಯಸ್ಸಿನವರು ಯಾರನ್ನೂ ಹಾಗೆ ಕರೆಯುವುದಿಲ್ಲ. ಇವರನ್ನು ಮಾತ್ರ ಕರೆದರು.

ಬ್ಯಾಂಡಿನ ಮೊದಲ ಎರಡು ವರ್ಷದ ತಿರುಗಾಟದಲ್ಲಿ ನಾನೂ ಎಷ್ಟೋ ಶನಿವಾರ ಅವರ ಜೊತೆಗಿದ್ದೆ. ಪೆಟ್ಟಿಗೆ ಹೊರಲು ಒಂದು ಜೊತೆ ಕೈ ಹೆಚ್ಚಿಗೆ ಬೇಕು ಎನ್ನುವುದು ನೆಪ. ಮನೆಯಲ್ಲಿ ಕುಳಿತು ನಾನಾದರೂ ಏನು ಮಾಡಬೇಕು? ಹೂವಿನ ಅಂಗಡಿಯವರೊಬ್ಬರು ಮಾರಿದ ಹಳೆಯ ವ್ಯಾನು ಬ್ಯಾಂಡಿನದು. ಎಷ್ಟು ತೊಳೆದರೂ ಒಳಗೆ ಕೊಳೆತ ಟ್ಯುಲಿಪ್ ದೇಟಿನ ವಾಸನೆ. ಯಾವ ಪೆಟ್ಟಿಗೆ ಮೊದಲು ಒಳಗೆ ಹೋಗಬೇಕು ಎನ್ನುವುದಕ್ಕೆ ಅಣ್ಣತಮ್ಮಂದಿರು ದಿನಾ ಜಗಳವಾಡುತ್ತಿದ್ದರು. ಇವರು ಒಂದು ಭಾನುವಾರ ಕುಳಿತು ಎಲ್ಲ ಪೆಟ್ಟಿಗೆಗೂ ಬಿಳಿ ಬಣ್ಣದಲ್ಲಿ ಕನ್ನಡದ ಅಂಕಿ ಬರೆದರು. "ಓದಾಕ ಬರ್ಲಿಲ್ಲ ಅಂದ್ರ ವಾದಾನೂ ಮಾಡಾಕ ಬರೂದಿಲ್ಲ," ಎಂದರು. ಒಂದು ತಿಂಗಳಲ್ಲಿ ನಾಲ್ವರೂ ಹದಿನಾಲ್ಕರವರೆಗೆ ಕಲಿತರು. ಕಲಿತ ಮೇಲೆ ಜಗಳ ಮತ್ತೆ ಶುರುವಾಯಿತು.

ಜೀಲ್ಯಾಂಡ್ ಪ್ರಾಂತ್ಯದ ಒಂದು ಊರಿನ ಯುವಕೇಂದ್ರದಲ್ಲಿ ಅವರ ಮೊದಲ ದೂರದ ಕಾರ್ಯಕ್ರಮ. ಕೇಳಲು ಬಂದವರು ಏಳು ಜನ. ಬಾಗಿಲು ಕಾಯುವವನನ್ನೂ ನನ್ನನ್ನೂ ಸೇರಿಸಿದರೆ ಒಂಬತ್ತು. ಮಾರ್ಲೂಸ್ ವೇದಿಕೆಯ ಹಿಂದೆ ಅಳುಮೋರೆ ಹಾಕಿಕೊಂಡಿದ್ದಳು. ಇವರು ಆ ಒಂಬತ್ತು ಜನಕ್ಕೆ ಎರಡು ಗಂಟೆ ಧ್ವನಿ ಸರಿಮಾಡಿದರು. ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಲ್ಲುವುದು ಅವರ ರೂಢಿ. ಕಾರ್ಖಾನೆಯಲ್ಲಿ ಯಂತ್ರದ ಮೇಲೆ ಕೈ ಇಟ್ಟು ನಿಲ್ಲುವುದೂ ಹೀಗೆಯೇ. ಕಡೆಗೆ ಯೂಸ್ಟ್‌ಗೆ ಸಿಟ್ಟು ಬಂತು.

"ಮೆನೇರ್, ಒಂಬತ್ತು ಜನಕ್ಕೆ ಇಷ್ಟೆಲ್ಲ ಯಾಕೆ?"

"ಒಂಬತ್ತು ಜನ ಅಂದ್ರ ಹದಿನೆಂಟು ಕಿವಿ," ಎಂದರು ಇವರು, ಕೈ ತೆಗೆಯದೆ. "ನೀನು ನಾಲ್ಕನೆಯ ಹಾಡಿನಲ್ಲಿ ತಾಳ ಬಿಟ್ಟು ಓಡುತ್ತೀಯಲ್ಲ, ಅದು ಹದಿನೆಂಟಕ್ಕೂ ಕೇಳಿಸುತ್ತದೆ. ಮೊದಲು ಅದನ್ನು ನೋಡಿಕೋ."

ಅವರ ಇಂಗ್ಲಿಷಿನಲ್ಲೂ ನಡುನಡುವೆ ಹುಬ್ಬಳ್ಳಿ ಇಣುಕುತ್ತಿತ್ತು. ಮೈಕ್ ಪರೀಕ್ಷೆಗೆ ಮಾರ್ಲೂಸ್ ಕನ್ನಡದಲ್ಲಿ ಎಣಿಸಬೇಕೆಂದು ಕಟ್ಟಪ್ಪಣೆ. 'ಒಂದ, ಎರಡ, ಮೂರ' ಎಂದರೆ ನಾಲಿಗೆ, ಗಂಟಲು, ತುಟಿ ಮೂರೂ ಕೆಲಸ ಮಾಡುತ್ತವೆ, ಇಂಗ್ಲಿಷಿನ ಎಣಿಕೆಯಲ್ಲಿ ಬರೀ ಗಾಳಿ ಹೊಡೆಯುತ್ತದೆ ಎನ್ನುವುದು ಅವರ ವಾದ. ಅದು ನಿಜವೋ ಸುಳ್ಳೋ, ಆ ಹುಡುಗಿ ದೇಶದ ದಕ್ಷಿಣದ ಲಿಂಬರ್ಗಿನಿಂದ ಉತ್ತರದ ಗ್ರೋನಿಂಗನ್‌ವರೆಗೆ ಎಲ್ಲ ಊರಿನಲ್ಲೂ ಹುಬ್ಬಳ್ಳಿಯವರ ಹಾಗೆ ಎಣಿಸಿದಳು.

ಒಮ್ಮೆ ನಮ್ಮದೇ ಬ್ರಾಬಾಂಟ್ ಪ್ರಾಂತ್ಯದ ಒಂದು ಕೆಫೆಯವನು ಬ್ಯಾಂಡನ್ನು ಕಾರ್ನಿವಾಲ್ ಹಬ್ಬಕ್ಕೆ ಕರೆದಿದ್ದ. ಹೋಗಿ ನೋಡಿದರೆ ಊರಿಗೆ ಊರೇ ರೈತರ, ಕಪ್ಪೆಯ, ರಾಜಕುಮಾರನ ವೇಷ ಹಾಕಿಕೊಂಡು ಬಿಯರ್ ಹಿಡಿದು ನಿಂತಿದೆ. ಆ ಜನಕ್ಕೆ ಬೇಕಿದ್ದದ್ದು ತುತ್ತೂರಿಯ ಮೇಳ. ಎರಡನೆಯ ಹಾಡಿಗೆ ಜನ ಕೂಗತೊಡಗಿದರು. ಇವರು ಮಿಕ್ಸರಿನ ಮುಂದೆ ಒಂದು ನಿಮಿಷ ಯೋಚಿಸಿ, ಮಾರ್ಲೂಸಳ ಧ್ವನಿಯನ್ನೂ ಗಿಟಾರನ್ನೂ ಪೂರಾ ತಗ್ಗಿಸಿ, ಡ್ರಮ್ಮನ್ನು ಏರಿಸಿದರು. ಜನ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟುಕೊಂಡು ಸಾಲುಕಟ್ಟಿ ಕೆಫೆಯ ಸುತ್ತ ಕುಣಿಯಲು ಶುರುಮಾಡಿದರು. ಸಾವಿನ ಬಗ್ಗೆ ಬರೆದಿದ್ದ ಹಾಡು ಅದು. ವಾಪಸು ಬರುವಾಗ ಮಾರ್ಲೂಸ್ ವ್ಯಾನಿನಲ್ಲಿ ಕಿಟಕಿಗೆ ಮುಖ ಹಾಕಿ ಕುಳಿತಿದ್ದಳು.

"ನನ್ನ ಧ್ವನಿಯನ್ನು ನೀವು ನುಂಗಿಬಿಟ್ಟಿರಿ," ಎಂದಳು ಕಡೆಗೆ.

"ನಿನ್ನ ಹಲ್ಲು ಉಳಿಸಿದೆ," ಎಂದರು. ಆ ಮೇಲೆ ಕರಿದ ಆಲೂಗೆಡ್ಡೆ ಮಾರುವ ಫ್ರೀಟ್ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ, ಅವಳ ಆಲೂಗೆಡ್ಡೆಯ ಮೇಲೆ ಚಟ್ನಿಪುಡಿ ಉದುರಿಸಿ ಕೊಟ್ಟರು. ಅದು ಅವರ ಕ್ಷಮಾಪಣೆ. ಚಟ್ನಿಪುಡಿ ಅವರು ಎಲ್ಲರಿಗೂ ಕೊಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕನಿಗೆ ಫೋನು. ಒಂದು ಸಲ ನಾನು ಎದುರಿಗೇ ಇದ್ದೆ. ಅಕ್ಕನ ಧ್ವನಿ ಎಷ್ಟು ದೊಡ್ಡದೆಂದರೆ ರಿಸೀವರಿನಿಂದ ಕೋಣೆಗೆಲ್ಲ ಕೇಳುತ್ತಿತ್ತು.

"ಆ ಹುಡುಗ್ರು ಹಾಡೂದು ಮದ್ವೀಗೋ ನಾಟಕಕ್ಕೋ?"

"ಎರಡಕ್ಕೂ ಅಲ್ಲ ಅಕ್ಕಾ. ಸುಮ್ನ ಹಾಡ್ತಾರ. ಸಿಟ್ಟಿನ ಹಾಡು."

"ಸಿಟ್ಟು ಬಂದ್ರ ಮೈಕ್ ಯಾಕ ಬೇಕೋ? ನನಗ ಸಿಟ್ಟು ಬಂದ್ರ ಮೈಕ್ ಹಚ್ಚಿ ಬೈತೀನೇನು ನಿನಗ?"

"ನಿನಗ ಬ್ಯಾಡ ಬಿಡಕ್ಕ, ಇಲ್ಲಿತನ ಕೇಳಸ್ತೈತಿ."

ಸಾರ್ ಅಷ್ಟು ನಗುತ್ತಿದ್ದುದು ಆ ಫೋನಿನಲ್ಲಿ ಮಾತ್ರ.

ಆ ಚಳಿಗಾಲದ ಮೊದಲಿಗೆ ಬ್ಯಾಂಡಿಗೆ ನಿಜವಾದ ಪ್ರವಾಸವೊಂದು ಸಿಕ್ಕಿತು. ಹೆಸರುವಾಸಿಯಾದ ಇನ್ನೊಂದು ಬ್ಯಾಂಡಿನ ಜೊತೆ, ಅವರಿಗಿಂತ ಮೊದಲು ಅರ್ಧ ಗಂಟೆ ನುಡಿಸುವುದು. ಬೆಲ್ಜಿಯಂ, ಜರ್ಮನಿ ಸೇರಿ ಹನ್ನೊಂದು ಊರು. ಇವರು ಆರು ವರ್ಷದಲ್ಲಿ ಮೊದಲ ಬಾರಿಗೆ ಮೂರು ವಾರ ರಜೆ ಹಾಕಿದರು. ಮ್ಯಾನೇಜರು ಊರಿಗೆ ಹೋಗುತ್ತೀರಾ ಎಂದು ಕೇಳಿದರೆ, "ಇಲ್ಲ, ಕೆಲಸಕ್ಕೆ ಹೋಗುತ್ತೇನೆ," ಎಂದರಂತೆ.

ಅದೇ ವಾರ ಖೆಮೇಂಟೆಯಿಂದ, ಅಂದರೆ ಇಲ್ಲಿನ ಪುರಸಭೆಯಿಂದ, ಪತ್ರ ಬಂತು. ಕಾಲುವೆಯಾಚೆಯ ಮನೆಯ ಮುದುಕಿಯೊಬ್ಬಳು ಗಲಾಟೆಯ ಬಗ್ಗೆ ದೂರು ಕೊಟ್ಟಿದ್ದಾಳೆ. ಎರಡು ವಾರ ಬಿಟ್ಟು ಬುಧವಾರ ಅಧಿಕಾರಿ ಬಂದು ಅವಳ ಅಂಗಳದಲ್ಲಿ ಶಬ್ದ ಅಳೆಯುತ್ತಾನೆ. ಮಿತಿ ದಾಟಿದರೆ ಕೊಟ್ಟಿಗೆಯಲ್ಲಿ ನುಡಿಸುವಂತಿಲ್ಲ. ಪ್ರವಾಸಕ್ಕೆ ಮೂರು ವಾರ ಇತ್ತು. ಬೇರೆ ಜಾಗ ಇರಲಿಲ್ಲ.

ನಾವಿಬ್ಬರೂ ಕೊಟ್ಟಿಗೆಯನ್ನು ಕಾರ್ಖಾನೆಯ ಪೆಟ್ಟಿಗೆಯ ಹಾಗೆ ಪರೀಕ್ಷಿಸಿದೆವು. ಇದನ್ನು ಬೇರೆ ಯಾರೂ ಹೀಗೆ ಮಾಡುತ್ತಿರಲಿಲ್ಲ. ಬೇರೆಯವರಾದರೆ ಗೋಡೆಗೆ ಎರಡು ಹಳೆಯ ಜಮಖಾನೆ ಹೊಡೆದು ಸುಮ್ಮನಾಗುತ್ತಿದ್ದರು. ನಾವು ಯೂಸ್ಟ್‌ನನ್ನು ಒಳಗೆ ಒಂದೇ ಸಮನೆ ಬಾರಿಸಲು ಬಿಟ್ಟು, ಹೊರಗಿನಿಂದ ಗೋಡೆಗೆ ಕಿವಿ ಹಚ್ಚಿ ಇಂಚಿಂಚಾಗಿ ನಡೆದೆವು. ಸದ್ದು ಸೋರುವ ಕಡೆ ಸೀಮೆಸುಣ್ಣದ ಗುರುತು. ಗುರುತಿಗೆ ನಂಬರು. ಕಿಟಕಿಯ ಸಂದಿಗೆ ರಬ್ಬರು, ಬಾಗಿಲ ಕೆಳಗೆ ಸಂದಿ ಮುಚ್ಚುವ ಬ್ರಷ್ಷಿನ ಪಟ್ಟಿ, ಹೆಂಚಿನ ಕೆಳಗೆ ಗಾಜಿನ ಉಣ್ಣೆ, ಪೈಪಿನ ಸುತ್ತ ಸಿಲಿಕೋನು. ನಾಲ್ಕು ಸಂಜೆ, ಎರಡು ಶನಿವಾರ. ಮೂವತ್ತೇಳು ಗುರುತು ಹಾಕಿದ್ದೆವು. ಕೊನೆಯ ಶನಿವಾರ ಮಧ್ಯಾಹ್ನ ಉಳಿದಿದ್ದದ್ದು ಒಂದೇ, ಬಾಗಿಲಿನ ಮೇಲಿನ ಕಬ್ಬಿಣದ ಜಾಲರಿ. ಒಂದು ಪುಸ್ತಕದಷ್ಟು ದೊಡ್ಡದು.

"ಸಾರ್, ಇದು ಗಾಳಿಗೆ ಅಂತ ಬಿಟ್ಟಿರೋದು," ಎಂದೆ.

"ಗಾಳಿಗೇ ಮತ್ತ. ಆದ್ರ ಯೂಸ್ಟ್‌ನ ಡ್ರಮ್ಮೂ ಅದರಾಗಿಂದನ ಹೊಂಟೈತಿ."

"ಒಳಗೆ ಹೀಟರ್ ಇದೆಯಲ್ಲ ಸಾರ್."

ಮೂಲೆಯಲ್ಲಿ ಹಳೆಯ ಗ್ಯಾಸ್ ಹೀಟರು ಉರಿಯುತ್ತಿತ್ತು. ಅದಿಲ್ಲದೆ ಆ ಚಳಿಯಲ್ಲಿ ಗಿಟಾರಿನವನ ಬೆರಳು ಆಡುತ್ತಿರಲಿಲ್ಲ. ಅವರು ಹೀಟರನ್ನು ನೋಡಿದರು, ಜಾಲರಿಯನ್ನು ನೋಡಿದರು.

"ಬಾರ್ಸೂ ಮುಂದ ಅಷ್ಟ ಮುಚ್ಚೋಣು. ಮುಗದ ಮ್ಯಾಲ ಜಗ್ಗಿ ತಗದ್ರಾತು. ಒಂದು ದಾರಾ ಕಟ್ಟು ಅದಕ್ಕ."

ನಾನು ಒಂದು ದಪ್ಪ ಸ್ಪಂಜನ್ನು ತೂತಿಗಿಂತ ಅರ್ಧ ಬೆರಳು ದೊಡ್ಡದಾಗಿ ಕತ್ತರಿಸಿದೆ; ಸೀಲು ಬಿಗಿಯಾಗಿ ಕೂರಬೇಕಾದರೆ ಹಾಗೇ ಕತ್ತರಿಸಬೇಕು. ನೈಲಾನ್ ದಾರ ಕಟ್ಟಿದೆ. ಏಣಿ ಹತ್ತಿ ಒಳಗಿನಿಂದ ಒತ್ತಿ ಕೂರಿಸಿದೆ. ಅದಾದ ಮೇಲೆ ನಾನು ಕಾಲುವೆ ದಾಟಿ ಹೋಗಿ ನಿಂತದ್ದು, ಅವರು ಕುಣಿದದ್ದು.

ಮತ್ತೆ ಒಳಗೆ ಬಂದಾಗ ಯೂಸ್ಟ್ ಹಣೆ ಒತ್ತಿಕೊಳ್ಳುತ್ತಿದ್ದ, ತಲೆನೋವು ಎಂದ. ಮಾರ್ಲೂಸ್ ಆಕಳಿಸುತ್ತಿದ್ದಳು. "ನೋಡ್ರಿ ನಿಮ್ಮ ಸಂಗೀತದ ಗುಣಾ, ಹಾಡೂವ್ರಿಗೇ ನಿದ್ದಿ," ಎಂದು ಇವರು ಹಂಗಿಸಿದರು. ನಾನು ಅದನ್ನು ಹುಡುಗರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ನಕ್ಕೆವು. ಆ ನಗು ಈಗಲೂ ಕೆಲಸದ ನಡುವೆ ಕೇಳಿಸುತ್ತದೆ.

ನಾಲ್ಕು ಗಂಟೆಗೆ ಹುಡುಗರು ಹೊರಟರು. ಶನಿವಾರ ಐದಕ್ಕೆ ಅಂಗಡಿ ಮುಚ್ಚುತ್ತವೆ, ಭಾನುವಾರ ಒಂದೂ ತೆಗೆಯುವುದಿಲ್ಲ. ಮನೆಗೆ ಹಾಲು, ಈರುಳ್ಳಿ ಬೇಕಿತ್ತು. ನಾನೂ ಕೋಟು ಹಾಕಿಕೊಂಡೆ. ಸಾರ್ ಬೆಸುಗೆ ಹಾಕುವ ಕಡ್ಡಿಯನ್ನು ಕಾಯಲು ಇಟ್ಟು, ಕಿತ್ತುಹೋದ ಒಂದು ಕೇಬಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಹೊಂಟಿ? ಮನ್ಯಾಗ ಹೇಳು, ಅನ್ನಕ್ಕ ಬಣ್ಣಾ ಹಚ್ಚಿದ್ದು ಚಲೋ ಆಗಿತ್ತು ಅಂತ."

"ಹೇಳ್ತೀನಿ ಸಾರ್."

ಬಾಗಿಲು ತೆಗೆಯುವಾಗ ತಲೆಯ ಮೇಲೆ ದಾರ ನೇತಾಡುತ್ತಿತ್ತು. ನನ್ನ ಕೈಗೆ ಎಟುಕುತ್ತಿತ್ತು. ಅವರು ತೆಗೆಯುತ್ತಾರೆ ಎಂದುಕೊಂಡೆ. ಬಾಗಿಲನ್ನು ಬಿಗಿಯಾಗಿ ಎಳೆದುಕೊಂಡು ಹೋದೆ, ಬ್ರಷ್ಷು ಸರಿಯಾಗಿ ಕೂರಲಿ ಎಂದು.

ಭಾನುವಾರ ಹತ್ತು ಗಂಟೆಗೆ ಮಾರ್ಲೂಸ್ ಮರೆತ ಮಫ್ಲರಿಗಾಗಿ ಹೋಗಿ ಬಾಗಿಲು ತೆರೆದಳು. ಅವಳು ಫೋನು ಮಾಡಿ ಕರೆದಾಗ ನಾನು ಸೈಕಲ್ಲಿನಲ್ಲಿ ಹೋದೆ. ಆಗಲೇ ಅಗ್ನಿಶಾಮಕದವರು ಬಂದಿದ್ದರು. ಸಾರ್ ಸ್ಪೀಕರಿನ ಪೆಟ್ಟಿಗೆಗೆ ಒರಗಿ ಕುಳಿತಿದ್ದರು, ಕೇಬಲು ತೊಡೆಯ ಮೇಲೆ. ತುಟಿ ಕೆಂಪಗಿತ್ತು. ಆರೋಗ್ಯವಾಗಿದ್ದವರ ಹಾಗೆ ಕಾಣುತ್ತಿದ್ದರು. ಅದನ್ನೇ ನನಗೆ ತಡೆಯಲಾಗಲಿಲ್ಲ. ಬೆಸುಗೆ ಕಡ್ಡಿ ಇನ್ನೂ ಬಿಸಿಯಾಗಿತ್ತು, ಮೇಜಿನ ಹಲಗೆಯಲ್ಲಿ ಕಂದು ಬಣ್ಣದ ಸುಟ್ಟ ಗೆರೆ.

ಅಗ್ನಿಶಾಮಕದ ಹಿರಿಯನೊಬ್ಬ ದಾರ ಎಳೆದ. ಸ್ಪಂಜು ಬರಲಿಲ್ಲ. ಎರಡನೆಯ ಸಲ ಜೋರಾಗಿ ಎಳೆದಾಗ ಬಂತು.

"ಇದನ್ನು ಇಟ್ಟವರು ಯಾರು?" ಎಂದು ಕೇಳಿದ.

"ನಾನು," ಎಂದೆ.

ಅವನು ನನ್ನನ್ನು ನೋಡಿದ. ಹೀಟರು ಉರಿಯಲು ಗಾಳಿ ಬೇಕು, ಹೊಸ ಗಾಳಿ ಬಾರದಿದ್ದರೆ ವಿಷದ ಅನಿಲ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ನಿದ್ದೆ ಬಂದ ಹಾಗೆ ಆಗುತ್ತದೆ ಎಂದು ನಿಧಾನವಾಗಿ ಹೇಳಿದ. ಹಳೆಯ ಮನೆಗಳಲ್ಲಿ ಕಿಟಕಿ ಬಾಗಿಲಿನ ಸಂದಿಯಿಂದ ಅಷ್ಟಿಷ್ಟು ಗಾಳಿ ಬರುತ್ತದೆ, ಅದರಿಂದಲೇ ಎಷ್ಟೋ ಜನ ಬದುಕುತ್ತಾರೆ ಎಂದ. ಗೋಡೆಯ ಸುತ್ತ ಒಮ್ಮೆ ನೋಡಿದ, ರಬ್ಬರು, ಸಿಲಿಕೋನು, ಉಣ್ಣೆ. "ಬಹಳ ಚೆನ್ನಾಗಿ ಮಾಡಿದ್ದೀರಿ," ಎಂದ. ಅವನು ಹಂಗಿಸಲಿಲ್ಲ. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ನಾನು ಸಹಿ ಹಾಕಿದೆ.

ನಾನು ಎಷ್ಟು ಸಲ ಯೋಚಿಸಿದರೂ ಇಲ್ಲಿಗೇ ಬಂದು ನಿಲ್ಲುತ್ತೇನೆ. ನಮ್ಮ ಕೆಲಸದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ.

ಕನ್ನಡ ಬಲ್ಲವನು ನಾನೊಬ್ಬನೇ ಎಂದು ಮ್ಯಾನೇಜರು ಅಕ್ಕನಿಗೆ ಫೋನು ಮಾಡಲು ನನಗೇ ಹೇಳಿದರು. ಅಂದು ಸಾರ್ ಅಕ್ಕನೊಡನೆ ಮಾತಾಡುವ ಭಾನುವಾರವೇ. ಅಕ್ಕ ಮೊದಲ ಗಂಟೆಗೇ ಎತ್ತಿದರು.

"ಯಾಕೋ ಇಷ್ಟು ತಡಾ?"

"ಅಕ್ಕಾ, ನಾನು. ಮಂಡ್ಯದವನು, ಸಾರ್ ಜೊತೆ ಕೆಲಸ ಮಾಡೋನು."

"ಓ, ಅನ್ನಕ್ಕ ಬಣ್ಣಾ ಹಾಕಾವ್ರು! ಹೇಳಪಾ. ಅವಂಗ ಕೊಡು ಫೋನು."

ಹೇಗೆ ಹೇಳಿದೆನೋ ನನಗೆ ನೆನಪಿಲ್ಲ. ಅಕ್ಕ ಕಿರುಚಲಿಲ್ಲ. ಆ ದೊಡ್ಡ ಧ್ವನಿ ಇದ್ದಕ್ಕಿದ್ದಂತೆ ಪಕ್ಕದಲ್ಲಿ ಕುಳಿತವರಿಗೂ ಕೇಳದಷ್ಟು ಸಣ್ಣದಾಯಿತು.

"ಊಟಾ ಮಾಡಿದ್ದನೇನು?"

"ಮಾಡಿದ್ರು ಅಕ್ಕಾ. ಮಧ್ಯಾಹ್ನ ನಮ್ಮ ಜೊತೆನೇ. ಚಿತ್ರಾನ್ನ."

"ಏನಾತು ಅಂದಿ? ಗ್ಯಾಸು?"

"ಹೀಟರಿನ ಗ್ಯಾಸು ಅಕ್ಕಾ."

"ಲೀಕಾತೇನು?"

ನಾನು ಹೂಂ ಅಂದೆ. ಲೀಕ್ ಪರೀಕ್ಷೆಯಿಂದ ಹೊಟ್ಟೆ ಹೊರೆಯುವವನು ನಾನು. ಒಂದೇ ಒಂದು ಲೀಕು, ಬೆರಳು ತೂರುವಷ್ಟು, ಆ ಕೋಣೆಯಲ್ಲಿ ಉಳಿದಿದ್ದರೆ ಅವರು ಬದುಕಿರುತ್ತಿದ್ದರು. ಗೊತ್ತಿದ್ದೂ ಹೂಂ ಅಂದೆ. ಅಕ್ಕ ಮನೆಯ ಮಾಲೀಕನನ್ನು ಬೈದರು, ಆ ದೇಶವನ್ನು ಬೈದರು. ನಾನು ಬೈಯಲು ಬಿಟ್ಟೆ.

ಶವವನ್ನು ವಿಮಾನದಲ್ಲಿ ಕಳಿಸಬೇಕಾದರೆ ಸತುವಿನ ತಗಡಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳಕ್ಕೆ ಸುತ್ತಲೂ ಬೆಸುಗೆ ಹಾಕುತ್ತಾರೆ. ಗಾಳಿ ಆಡಬಾರದೆಂದು ನಿಯಮ. ಕಾರ್ಖಾನೆಯ ಪರವಾಗಿ ನಾನು, ಬ್ಯಾಂಡಿನ ಪರವಾಗಿ ಯೂಸ್ಟ್ ಹೋಗಿದ್ದೆವು. ಬೆಸುಗೆ ಹಾಕುವವನು ಕೆಲಸ ಮುಗಿಸಿ ಪಕ್ಕಕ್ಕೆ ಸರಿದ. ಆಗ ನನ್ನ ಕಣ್ಣು, ನಾನು ಹೇಳದೆಯೇ, ಒಂದು ಮೂಲೆಯಿಂದ ಹಿಡಿದು ಬೆಸುಗೆಯ ಗೆರೆಯ ಉದ್ದಕ್ಕೂ ಹೋಗತೊಡಗಿತು, ಎಲ್ಲಿಯಾದರೂ ಸಂದಿ ಇದೆಯೇ ಎಂದು. ಮೂರನೆಯ ಮೂಲೆಗೆ ಬರುವಾಗ, ಲೀಕ್ ಹುಡುಕುತ್ತಿದ್ದೇನೆ ಎಂದು ನನಗೆ ಗೊತ್ತಾಯಿತು. ಹೊರಗೆ ಓಡಿಹೋದೆ. ಯೂಸ್ಟ್ ಬಂದು ಬೆನ್ನ ಮೇಲೆ ಕೈ ಇಟ್ಟ.

ಪ್ರವಾಸವನ್ನು ಮುಂದಕ್ಕೆ ಹಾಕಿದರು. ವಸಂತದಲ್ಲಿ ಬೇರೆ ಒಬ್ಬ ಸೌಂಡ್ ಎಂಜಿನಿಯರನ್ನು ಕರೆದುಕೊಂಡು ಹನ್ನೊಂದು ಊರಿಗೂ ಹೋಗಿಬಂದರು. ಮಾರ್ಲೂಸ್ ನನ್ನನ್ನೂ ಕರೆದಳು. ಹೋಗಿ ಬರಬಾರದೇ ಎಂದು ಹೆಂಡತಿಯೂ ಹೇಳಿದಳು. ನಾನು ಹೋಗಲಿಲ್ಲ. ಆ ದಾರದ ವಿಷಯವನ್ನು ಮಾರ್ಲೂಸಳಿಗೆ ಹೇಳಿದ್ದೇನೆ. ಅವಳು, "ನಾವು ಐದು ಜನರೂ ಅದರ ಕೆಳಗೇ ನಡೆದು ಹೊರಗೆ ಬಂದೆವು," ಎಂದಳು. ನಿಜ. ಆದರೆ ಉಳಿದ ನಾಲ್ವರಿಗೆ ಜಾಲರಿ ಏತಕ್ಕಿದೆ ಎಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ಬಾಯಿಬಿಟ್ಟು ಹೇಳಿಯೂ ಇದ್ದೆ.

ಮಾರ್ಚಿನಲ್ಲಿ ಅಕ್ಕನಿಗೆ ಪತ್ರ ಬರೆದೆ. ಮೂರು ಸಲ ಹರಿದು ನಾಲ್ಕನೆಯ ಸಲ ಬರೆದದ್ದನ್ನು ಕಳಿಸಿದೆ. ಲೀಕ್ ಆಗಲಿಲ್ಲ, ನಾನು ಸುಳ್ಳು ಹೇಳಿದೆ ಎಂದು ಮೊದಲ ಸಾಲಿನಲ್ಲೇ ಬರೆದೆ. ಜಾಲರಿ, ಸ್ಪಂಜು, ದಾರ, ನಾನು ಬಾಗಿಲು ಎಳೆದುಕೊಂಡು ಹೋದದ್ದು, ಎಲ್ಲ. ಕ್ಷಮಿಸಿ ಎಂದು ಬರೆಯಲಿಲ್ಲ. ಕ್ಷಮಿಸುವ ಭಾರವನ್ನೂ ಅವರ ಮೇಲೆ ಹೊರಿಸಬಾರದು ಅನಿಸಿತು.

ಮೂರು ವಾರ ಏನೂ ಇಲ್ಲ. ಆ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಫೋನು ಬಂತು.

"ನಾನಪಾ, ಹುಬ್ಬಳ್ಳಿಯಿಂದ. ನಿನ್ನ ಪತ್ರ ಮುಟ್ಟಿತು."

"ಅಕ್ಕಾ..."

"ನೆಗಡಿ ಅಂತ ಹೇಳ್ತಿದ್ದಿ ಅವತ್ತ, ಕಡಿಮಿ ಆತೇನು?"

ನೆಗಡಿ ನವೆಂಬರಿನದು. ಅಂದು ಫೋನಿನಲ್ಲಿ ನನ್ನ ಧ್ವನಿ ಬದಲಾದದ್ದಕ್ಕೆ ಅದನ್ನೇ ನೆಪ ಹೇಳಿದ್ದೆ. ಆಯಿತು ಎಂದೆ. ಅಕ್ಕ ಅಂಗಡಿಯ ವಿಷಯ ಹೇಳಿದರು. ಒಂದು ಮದುವೆಯಲ್ಲಿ ಆಂಪ್ಲಿಫೈಯರು ಸುಟ್ಟುಹೋಯಿತಂತೆ, ಈಗಿನವರಿಗೆ ಎದೆ ನಡುಗುವಷ್ಟು ಸೌಂಡು ಬೇಕಂತೆ. ನನ್ನ ಹೆಂಡತಿಗೆ ಫೋನು ಕೊಡಿಸಿ, ಚಿತ್ರಾನ್ನಕ್ಕೆ ಏನೇನು ಹಾಕುತ್ತಾಳೆಂದು ಕೇಳಿಕೊಂಡರು. ಅಂದಿನಿಂದ ತಿಂಗಳಿಗೆ ಒಂದೆರಡು ಭಾನುವಾರ ಮಾಡುತ್ತಾರೆ. ನನ್ನನ್ನು ಈಗ ತಮ್ಮಾ ಎನ್ನುತ್ತಾರೆ. ಪಾರ್ಸೆಲ್ಲಿನಲ್ಲಿ ಚಟ್ನಿಪುಡಿ ಬಂದಿದೆ. ನಾನು ಅದನ್ನು ಇನ್ನೂ ಬಿಚ್ಚಿಲ್ಲ.

ಮಾತು ಮುಗಿದ ಮೇಲೂ ಅಕ್ಕ ಕೂಡಲೇ ಫೋನು ಇಡುವುದಿಲ್ಲ. ಆ ಕಡೆ ರಸ್ತೆಯ ಸದ್ದು, ಅಂಗಡಿಯ ಶಟರಿನ ಸದ್ದು ಕೇಳುತ್ತದೆ. ನಾನು ಕಾಯುತ್ತೇನೆ. ಬೈಯಲಿ, ಬಿಡಲಿ, ಏನಾದರೂ ಒಂದು ಬರಲಿ ಎಂದು. ನಾನಾಗಿ ಕೇಳಲು ಎರಡು ಸಲ ಬಾಯಿ ತೆರೆದೆ. "ಇಡ್ತೀನಪಾ," ಎನ್ನುತ್ತಾರೆ ಅವರು.

ಸಾರ್ ತೀರಿಕೊಂಡು ಎಂಟು ತಿಂಗಳಾಯಿತು. ಪತ್ರದಲ್ಲಿ ನಾನು ಬರೆದದ್ದರ ಬಗ್ಗೆ ಅಕ್ಕ ಇದುವರೆಗೂ ಒಂದು ಮಾತೂ ಆಡಿಲ್ಲ.